ಕಸದಿಂದ ಹುಟ್ಟಿದ ಒಂದು ಪದ

ಚಳ್ಳಕೆರೆಯ ನಮ್ಮ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ಸರಳ ಲೋಲಕದ ಅಳತೆಗಳ ಪಟ್ಟಿಯನ್ನು ತಂದು ತೋರಿಸಿದನು. ಲೋಲಕದ ಉದ್ದ 100 ಸೆಂಟಿಮೀಟರು. 20 ಆಂದೋಲನಗಳಿಗೆ ಹಿಡಿದ ಕಾಲವು ಒಂಬತ್ತು ಸಲವೂ 38.1 ಸೆಕೆಂಡಿನ ಆಸುಪಾಸಿನಲ್ಲಿದ್ದಿತು. ಹತ್ತನೆಯ ಸಲ ಮಾತ್ರ 40.1. ಆ ಕೊನೆಯದನ್ನು ಅವನು ಗೆರೆ ಎಳೆದು ಹೊಡೆದುಹಾಕಿದ್ದನು. “ಇದನ್ನು ಸ್ಕ್ರೂಟಿನೈಜ್ ಮಾಡಿದೆಯೇನಪ್ಪ?” ಎಂದೆವು. “ಅದು ಕಸ, ಸಾರ್” ಎಂದನು. ತನಗೆ ತಿಳಿಯದೆಯೇ ಅವನು ಆ ಪದದ ಮೂಲಾರ್ಥವನ್ನು ನುಡಿದಿದ್ದನು!

ಲ್ಯಾಟಿನ್ ಭಾಷೆಯಲ್ಲಿ ‘ಸ್ಕ್ರೂಟ’ ಎಂದರೆ ಹಳೆಯ ಹರಕುಮುರುಕು ಸಾಮಾನು. ಅದರಿಂದ, ಅಂಥ ರಾಶಿಯನ್ನು ಕೆದಕಿ ಹುಡುಕುವುದು ಎಂಬರ್ಥದ ‘ಸ್ಕ್ರೂಟಾರಿ’ ಹುಟ್ಟಿತೆಂದು ನಿರುಕ್ತಜ್ಞರು ಹೇಳುತ್ತಾರೆ. ‘ಸ್ಕ್ರೂಟಿನಿ’ ಎಂಬ ನಾಮಪದವು 15ನೆಯ ಶತಮಾನದಲ್ಲಿಯೇ ಇಂಗ್ಲಿಷಿಗೆ ಬಂದು, ಮೊದಲು ಮತ ಪಡೆಯುವ ಕ್ರಮಕ್ಕೆ ಸಲ್ಲುತ್ತಿದ್ದಿತು. ಕ್ರಿಯಾಪದ ಬಂದುದು 17ನೆಯ ಶತಮಾನದಲ್ಲಿ. ಇದರ ನೆರೆಯ ಪದವಾದ ‘ಎಗ್ಸಾಮಿನ್’ ತಕ್ಕಡಿಯ ಮುಳ್ಳಿನಿಂದ ಬಂದುದು. ಶೇಂಗಾ ವ್ಯಾಪಾರದ ನಮ್ಮ ಊರಿನವರಿಗೆ ಅದನ್ನು ವಿವರಿಸಬೇಕಾಗಿಲ್ಲ. ನಮ್ಮ ‘ಪರೀಕ್ಷೆ’ಯಾದರೋ ಸುತ್ತಲೂ ನೋಡುವುದು. ಅಡುಗೆಮನೆಯಲ್ಲಿ ಅಕ್ಕಿಯನ್ನು ಜಾಲಿಸುವುದೂ ಒಂದು ಬಗೆಯ ಶೋಧನೆಯೇ. ಆದರೆ ಅಲ್ಲಿ ಅಕ್ಕಿ ಉಳಿಯುತ್ತದೆ, ಕಲ್ಲು ಹೊರಗೆ ಹೋಗುತ್ತದೆ. ರೋಮನರ ಪದವು ಆ ಹೊರಗೆ ಹೋದ ರಾಶಿಯ ಬಳಿಯಲ್ಲಿಯೇ ಕುಳಿತುಕೊಳ್ಳುತ್ತದೆ.

ಇದಕ್ಕೆ ನಿದರ್ಶನವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ; ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯೇ ಸಾಕು. 1892ರಲ್ಲಿ ಬಿ. ಎಲ್. ರೈಸ್ ಅವರು ಅಲ್ಲಿ ಅಶೋಕನ ಶಾಸನವನ್ನು ಗುರುತಿಸಿದರು. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದೆ. ಆದರೆ ಬರೆದವನಾದ ಚಪಡನ ಹೆಸರು ಬರುವ ಕೊನೆಯಲ್ಲಿ ಐದು ಅಕ್ಷರಗಳು ಬೇರೆಯಾಗಿವೆ. ಅವಸರದ ಕಣ್ಣಿಗೆ ಬಂಡೆಯ ಗೀರುಗಳಂತೆ ಕಂಡಾವು. ಅವು ಬಲದಿಂದ ಎಡಕ್ಕೆ ಓದಬೇಕಾದ ಖರೋಷ್ಠೀ ಅಕ್ಷರಗಳು: ‘ಲಿಪಿಕರೇಣ’, ಅಂದರೆ ಲಿಪಿಕಾರನಿಂದ. ಆ ಲಿಪಿ ಬಳಕೆಯಲ್ಲಿದ್ದುದು ಭಾರತದ ವಾಯವ್ಯ ಗಡಿಯಲ್ಲಿ. ಅಲ್ಲಿನ ಬರವಣಿಗೆಯನ್ನು ಬಲ್ಲವನೊಬ್ಬನು ಕ್ರಿ.ಪೂ. 3ನೆಯ ಶತಮಾನದಲ್ಲಿ ನಮ್ಮ ಈ ಬಂಡೆಗಳ ನಡುವೆ ಕೆಲಸಮಾಡಿದನೆಂಬುದು ಈ ಐದು ಅಕ್ಷರಗಳಿಂದ ತಿಳಿಯಿತು.

1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಅದೇ ಬೆಟ್ಟದ ಬುಡದಲ್ಲಿ ಅಗೆಸಿದಾಗ ದೊರೆತವು ಹೆಚ್ಚಾಗಿ ಮಡಕೆಯ ಚೂರುಗಳು. ಹಿಂದಿನವರು ಒಡೆದುಹೋಯಿತೆಂದು ಎಸೆದ ಕಸವಷ್ಟೆ. ಆದರೆ ಮೇಲಿನ ಪದರದ ಕೆಲವು ಚೂರುಗಳ ಒಳಮೈಯಲ್ಲಿ ಹಲ್ಲುಚಕ್ರವನ್ನು ಉರುಳಿಸಿದಂಥ ಸಣ್ಣ ಗುರುತುಗಳ ಬಳೆಗಳಿದ್ದವು. 1945ರಲ್ಲಿ ಪಾಂಡಿಚೇರಿಯ ಬಳಿಯ ಅರಿಕಮೇಡುವಿನಲ್ಲಿ ಇಂಥ ಪಾತ್ರೆಗಳು ಇಟಲಿಯ ಮಡಕೆಗಳ ಜೊತೆಯಲ್ಲಿ ಅವರಿಗೆ ಸಿಕ್ಕಿದ್ದವು. ಇಟಲಿಯ ಮಡಕೆಗಳ ಕಾಲ ಗೊತ್ತಿದ್ದುದು: ಕ್ರಿಸ್ತಶಕದ ಆರಂಭದ ದಶಕಗಳು. ಹೀಗೆ ಬ್ರಹ್ಮಗಿರಿಯ ಒಂದು ಪದರಕ್ಕೆ ಕಾಲ ನಿಶ್ಚಯವಾಯಿತು. ಅದರ ಕೆಳಗಿನ ಬೃಹತ್‌ಶಿಲಾ ಗೋರಿಗಳ ಪದರ, ಅದಕ್ಕೂ ಕೆಳಗಿನ ಕಲ್ಲುಕೊಡಲಿಯವರ ಪದರ, ಇವು ಅದಕ್ಕಿಂತ ಹಿಂದಿನವು.

ಎಷ್ಟು ಹಿಂದಿನವು? ಇಲ್ಲಿ ವ್ಹೀಲರ್ ಅವರು ಅಂದಾಜಿಗೆ ಇಳಿಯಬೇಕಾಯಿತು. ಗೋರಿಗಳ ಸಂಸ್ಕೃತಿ ಅಲ್ಲಿ ಸುಮಾರು ಕ್ರಿ.ಪೂ. 200ರಲ್ಲಿ ಆರಂಭವಾಯಿತೆಂದು ಅವರು ಬಗೆದರು. ಎರಡೇ ವರ್ಷಗಳ ಮೇಲೆ, 1949ರಲ್ಲಿ, ಅಮೆರಿಕದ ಲಿಬ್ಬಿ ಮತ್ತು ಅವರ ಸಂಗಡಿಗರು ಇಂಗಾಲ-14ರಿಂದ ಕಾಲವನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ಜೀವಿ ಸತ್ತ ಮೇಲೆ ಅದರಲ್ಲಿನ ಇಂಗಾಲ-14 ಸುಮಾರು 5,730 ವರ್ಷಗಳಿಗೆ ಅರ್ಧದಷ್ಟಾಗುತ್ತದೆ. ಉಳಿದುದನ್ನು ಅಳೆದರೆ ಕಾಲ ತಿಳಿಯುತ್ತದೆ. ಅದಕ್ಕೆ ಬೇಕಾದುದು ಒಲೆಯಲ್ಲಿ ಉಳಿದ ಇದ್ದಲಿನಂಥ ಕಸವೇ! ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಕಬ್ಬಿಣ ಮೊದಲು ಕಾಣಿಸಿಕೊಂಡ ಪದರದ ಇದ್ದಲು ಸುಮಾರು ಕ್ರಿ.ಪೂ. 1000 ಎಂದು ತೋರಿಸಿತು. ದಕ್ಷಿಣದ ಗೋರಿಗಳವರ ಕಾಲವು ಒಮ್ಮೆಗೇ ಎಂಟುನೂರು ವರ್ಷ ಹಿಂದಕ್ಕೆ ಸರಿಯಿತು.

ಇನ್ನು ನಮ್ಮ ವಿದ್ಯಾರ್ಥಿಯ ಪಟ್ಟಿ. ಗುರುತ್ವ ವೇಗೋತ್ಕರ್ಷವನ್ನು ಲೆಕ್ಕಹಾಕಿಸಿದೆವು. 38.1 ಸೆಕೆಂಡಿನಿಂದ ಬಂದ ಉತ್ತರ 10.88; ಹೊಡೆದುಹಾಕಿದ 40.1ರಿಂದ ಬಂದುದು 9.82. ಹುಡುಗನ ಮುಖ ಸಣ್ಣದಾಯಿತು. ಗಡಿಯಾರವನ್ನು ಒತ್ತುವಾಗಲೇ ಅವನು ‘ಒಂದು’ ಎನ್ನುತ್ತಿದ್ದನಾದುದರಿಂದ, ‘ಇಪ್ಪತ್ತು’ ಎಂದಾಗ ಮುಗಿದಿದ್ದ ಆಂದೋಲನಗಳು ಹತ್ತೊಂಬತ್ತೇ. ಹತ್ತನೆಯ ಸಲ ಎಣಿಸಿದವನು ಅವನ ಜೊತೆಗಾರ. ಆತ ‘ಸೊನ್ನೆ’ಯಿಂದ ಆರಂಭಿಸಿದ್ದನು. ಉಳಿದ ಒಂಬತ್ತು ಅಳತೆಗಳನ್ನು ಆ ಸಂಜೆ ಮತ್ತೆ ತೆಗೆಯಬೇಕಾಯಿತು.