ನೀರು ಕಳೆದ ಶ್ಯಾಂಪೂ

ಶ್ಯಾಂಪೂ ಬಾಟಲಿಯ ಬೆನ್ನ ಮೇಲಿನ ಪಟ್ಟಿಯಲ್ಲಿ ಮೊದಲು ಬರುವ ಹೆಸರು ನೀರು. ಯಾವುದು ಹೆಚ್ಚಿದೆಯೋ ಅದನ್ನೇ ಮೊದಲು ಬರೆಯುವುದು ಪದ್ಧತಿ. ಬಾಟಲಿಯ ಸುಮಾರು ಮುಕ್ಕಾಲು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ಬರೀ ನೀರೇ. ಮನೆಯ ಬಚ್ಚಲಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ವಾರಕ್ಕಾಗುವ ಬಟ್ಟೆ, ಹೊದಿಕೆ, ಅಡುಗೆ ಸಾಮಾನು ಎಲ್ಲ ಬೆನ್ನಿಗೇರಿಸಿಕೊಂಡು ಹಿಮಾಲಯದ ಚಾರಣಕ್ಕೆ ಹೊರಟವರು, ದಾರಿಯುದ್ದಕ್ಕೂ ಹೊಳೆ ಹರಿಯುವ ಸೀಮೆಗೆ ಊರಿನಿಂದ ನೀರು ಹೊತ್ತುಕೊಂಡು ಹೋಗುವುದು ದಂಡದ ಕೆಲಸ. ಗಟ್ಟಿ ಶ್ಯಾಂಪೂ ಬಿಲ್ಲೆಯ ಜಾಣತನವೆಲ್ಲ ಇಲ್ಲಿದೆ: ತೊಳೆಯುವ ಪದಾರ್ಥವನ್ನು ನಾವು ಹೊರುತ್ತೇವೆ, ನೀರನ್ನು ಹೋದಲ್ಲಿ ಪಡೆಯುತ್ತೇವೆ.

ಇದನ್ನು ಈಗಿನ ರೂಪದಲ್ಲಿ ಮೊದಲು ಮಾಡಿದವರು ಇಂಗ್ಲೆಂಡಿನ ಮೋ ಕಾನ್‌ಸ್ಟಂಟೈನ್ ಮತ್ತು ರಸಾಯನಜ್ಞ ಸ್ಟಾನ್ ಕ್ರಿಸ್ಟಲ್, 1987ರ ಮಾತು. ಮುಂದೆ ಲಶ್ ಕಂಪನಿ ಅದನ್ನು ಅಂಗಡಿಗಳಿಗೆ ತಂದಿತು. ಪ್ರಯಾಣಿಕರ ಕಣ್ಣಿಗೆ ಬಿಲ್ಲೆ ಬೀಳಲು ಇನ್ನೊಂದು ಕಾರಣವೂ ಒದಗಿತು. 2006ರ ಆಗಸ್ಟ್‌ನಲ್ಲಿ ದ್ರವ ಸ್ಫೋಟಕಗಳಿಂದ ವಿಮಾನ ಉರುಳಿಸುವ ಸಂಚು ಬ್ರಿಟನ್ನಿನಲ್ಲಿ ಬಯಲಾದ ಮೇಲೆ ಕೈಚೀಲದ ದ್ರವಗಳಿಗೆ 100 ಮಿ.ಲೀ. ಮಿತಿ ಬಂತು. ಬಿಲ್ಲೆ ದ್ರವವಲ್ಲವಾದ್ದರಿಂದ ಆ ಲೆಕ್ಕಕ್ಕೆ ಸಿಗದೆ ಪಾರಾಯಿತು.

ನೋಡಲು ಸೋಪಿನಂತಿದ್ದರೂ ಒಳ್ಳೆಯ ಬಿಲ್ಲೆ ಸೋಪಲ್ಲ. ಸೋಪು ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ್ದು. ಅದರ ಪಿಎಚ್ 9ರಿಂದ 10ರ ಆಸುಪಾಸು. ಅಷ್ಟು ಕ್ಷಾರಕ್ಕೆ ಕೂದಲಿನ ಹೊರಪದರದ ಹುರುಪೆಗಳು ಎದ್ದು ನಿಲ್ಲುತ್ತವೆ, ಕೂದಲು ಒರಟಾಗಿ ಸಿಕ್ಕುಗಟ್ಟುತ್ತದೆ. ಸುಣ್ಣಕಲ್ಲಿನ ಸೀಮೆಯ ಚಿಲುಮೆಯಾಗಲಿ, ನಮ್ಮ ಕೊಳವೆಬಾವಿಯಾಗಲಿ, ನೀರು ಗಡಸಾದರೆ ಸೋಪು ಅದರಲ್ಲಿನ ಕ್ಯಾಲ್ಸಿಯಂ ಜೊತೆ ಕೂಡಿ ಬಿಳಿ ಜಿಗುಟಾಗಿ ತಲೆಗೆ ಅಂಟುತ್ತದೆ. ನಿಜವಾದ ಶ್ಯಾಂಪೂ ಬಿಲ್ಲೆಯಲ್ಲಿ ಹೆಚ್ಚಾಗಿ ಇರುವುದು ಸೋಡಿಯಂ ಕೊಕೊಯಿಲ್ ಐಸೆಥಿಯೋನೇಟ್. ಹೆಸರು ನಾಲಿಗೆ ತೊಡರಿಸಿದರೂ ಹುಟ್ಟು ತೆಂಗಿನೆಣ್ಣೆಯ ಕೊಬ್ಬಿನಾಮ್ಲದಿಂದ. ಇದು ಗಡಸು ನೀರಿಗೂ ಜಗ್ಗದೆ ನೊರೆ ಕೊಡುತ್ತದೆ, ಜಿಗುಟು ಬಿಡುವುದಿಲ್ಲ, ನೆತ್ತಿಯ ಸಹಜ ಆಮ್ಲೀಯತೆಗೆ ಹತ್ತಿರದಲ್ಲೇ ಇರುತ್ತದೆ. ಇದರ ಪುಡಿಯನ್ನು ಹದವಾಗಿ ಬಿಸಿ ಮಾಡಿ, ಸ್ವಲ್ಪ ಎಣ್ಣೆಯಂಶ, ಸುವಾಸನೆ ಬೆರೆಸಿ, ಮೆತ್ತಗಿರುವಾಗಲೇ ಅಚ್ಚಿಗೆ ಒತ್ತುತ್ತಾರೆ.

ಆದ್ದರಿಂದ ಕೊಳ್ಳುವಾಗ ಹಿಂದಿನ ಪಟ್ಟಿ ಓದಲೇಬೇಕು. ಮೊದಲ ಹೆಸರುಗಳಲ್ಲಿ ಐಸೆಥಿಯೋನೇಟ್ ಕಂಡರೆ ಸರಿ. ಸೋಡಿಯಂ ಕೊಕೊಯೇಟ್, ಸೋಡಿಯಂ ಪಾಮೇಟ್ ಎಂದಿದ್ದರೆ ಅದು ಶ್ಯಾಂಪೂ ಹೆಸರು ಹೊತ್ತ ಸೋಪು. ಕೈಯಲ್ಲಿ ಮಾಡಿದ್ದು, ಗಿಡಮೂಲಿಕೆಯದ್ದು ಎಂಬ ಚೆಂದದ ಕಾಗದ ಸುತ್ತಿದ್ದರೂ ಅಷ್ಟೇ.

ಒಂದು ಬಿಲ್ಲೆ ಎರಡು ಮೂರು ಬಾಟಲಿಗೆ ಸಮ ಎನ್ನುತ್ತಾರೆ ಮಾರುವವರು. ನನಗೆ ಇದು ಸ್ವಲ್ಪ ಉಬ್ಬಿದ ಮಾತೆನಿಸುತ್ತದೆ. 250 ಮಿ.ಲೀ. ಬಾಟಲಿಯಲ್ಲಿ ಕೊಳೆ ತೆಗೆಯುವ ಪದಾರ್ಥ ಸುಮಾರು 30 ಗ್ರಾಂ. 55 ಗ್ರಾಂ ಬಿಲ್ಲೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಒಂದಕ್ಕೆ ಒಂದು. ಉಳಿತಾಯ ಬರುವುದು ಬಳಕೆಯಿಂದ: ಬಾಟಲಿಯಿಂದ ಬೇಕಾದ್ದಕ್ಕಿಂತ ಹೆಚ್ಚು ಅಂಗೈಗೆ ಸುರಿಯುತ್ತದೆ, ಬಿಲ್ಲೆ ಉಜ್ಜಿದಷ್ಟೇ ಕೊಡುತ್ತದೆ. ಕಾಲು ಕೆಜಿ ಭಾರದ ಕೆಲಸ 55 ಗ್ರಾಂನಲ್ಲಿ ಮುಗಿಯುತ್ತದೆಂಬುದೇ ಚಾರಣಿಗರಿಗೆ ಸಾಕು. ವಾರದ ಪ್ರಯಾಣವಾದರೆ ಚಾಕುವಿನಿಂದ ಕತ್ತರಿಸಿ ಕಾಲು ಭಾಗ ಒಯ್ದರೂ ನಡೆದೀತು.

ಬಳಸುವುದರಲ್ಲೊಂದು ಕೈಚಳಕವಿದೆ. ಕೂದಲನ್ನು ಬುಡದವರೆಗೆ ಪೂರ್ತಿ ನೆನೆಸಿಕೊಳ್ಳಬೇಕು. ಅರೆಬರೆ ನೆಂದ ತಲೆಯಲ್ಲಿ ಬಿಲ್ಲೆ ಜಾರುವುದೂ ಇಲ್ಲ, ನೊರೆಯೂ ಬರುವುದಿಲ್ಲ. ಗಿಡ್ಡ ಕೂದಲಿನವರು ನೇರವಾಗಿ ನೆತ್ತಿಗೆ ಮೂರು ನಾಲ್ಕು ಬಾರಿ ಎಳೆದರೆ ಆಯಿತು. ಉದ್ದ ಜಡೆಯವರು ಗುಂಡಗೆ ಉಜ್ಜಬಾರದು, ಸಿಕ್ಕು ಬಿಡಿಸುವುದರಲ್ಲಿ ಬೆಳಗು ಕಳೆದೀತು. ಬುಡದಿಂದ ತುದಿಯ ಕಡೆಗೆ ಎಳೆಯಬೇಕು, ಇಲ್ಲವೇ ಅಂಗೈಯಲ್ಲಿ ನೊರೆ ಎಬ್ಬಿಸಿಕೊಂಡು ನೆತ್ತಿಗೆ ಹಚ್ಚಬೇಕು. ತುದಿಗೆ ಬೇರೆ ಹಚ್ಚುವುದು ಬೇಕಿಲ್ಲ, ತೊಳೆಯುವಾಗ ಇಳಿಯುವ ನೊರೆಯೇ ಸಾಕು. ಹಿಮ ಕರಗಿದ ನೀರಿನಲ್ಲಿ ಬಿಲ್ಲೆ ಬೇಗ ಕರಗದು. ಆಗ ಕೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗಾಗಿಸಿಕೊಳ್ಳಿ.

ನೊರೆಗೆ ನೀರು ಬೇಕು, ಆದರೆ ಕೆಲಸ ಮುಗಿದ ಮರುಕ್ಷಣದಿಂದ ಅದೇ ನೀರು ಬಿಲ್ಲೆಯ ಶತ್ರು. ಒದ್ದೆಯಲ್ಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಮಳೆಗಾಲದ ಬೆಲ್ಲದಂತೆ ಒಸರಿ ಅರ್ಧ ಬಿಲ್ಲೆ ಡಬ್ಬಿಯ ಪಾಲಾಗುತ್ತದೆ. ತೊಳೆದಾದ ಮೇಲೆ ಬಟ್ಟೆಯಲ್ಲಿ ಒರೆಸಿ, ಬಂಡೆಯ ಮೇಲೆ ನೆರಳಿನಲ್ಲಿ ಗಾಳಿಗಿಡಿ. ಹೊರಡುವ ಅವಸರವಿದ್ದರೆ ತೂತಿನ ಬಲೆಚೀಲಕ್ಕೆ ಹಾಕಿ ಬೆನ್ನುಚೀಲದ ಹೊರಗೆ ನೇತುಹಾಕಿ, ನಡೆಯುತ್ತಲೇ ಒಣಗುತ್ತದೆ. ಪೂರ್ತಿ ಒಣಗಿದ ಮೇಲಷ್ಟೇ ಡಬ್ಬಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿಯಲ್ಲಿ ಯಾವುದೂ ಒಣಗದು. ಆಗ ಒಂದೊಂದು ತಲೆಸ್ನಾನಕ್ಕೆ ಬೇಕಾದಷ್ಟು ಮನೆಯಲ್ಲೇ ತುರಿದು, ಕಾಗದದ ಪೊಟ್ಟಣ ಕಟ್ಟಿ ಒಯ್ಯುವುದು ಮೇಲು. ದಾರಿ ಬದಿಯಲ್ಲಿ ಹೊಳೆಯುವ ಖಾಲಿ ಶ್ಯಾಂಪೂ ಸ್ಯಾಶೆಗಳನ್ನು ನೋಡಿ ಬೇಸತ್ತವರಿಗೆ ಈ ಪೊಟ್ಟಣ ಇನ್ನಷ್ಟು ಹಿಡಿಸೀತು.

ಒಣಗಿಸಿ ಒಯ್ಯುವ ಉಪಾಯ ನಮ್ಮ ಮನೆಗಳಿಗೆ ಹೊಸದಲ್ಲ. ಸೀಗೆಕಾಯಿ, ಅಂಟುವಾಳದ ಪುಡಿಗಳೂ ನೀರಿಲ್ಲದ ಶ್ಯಾಂಪೂಗಳೇ. ಅವುಗಳಲ್ಲಿನ ಸಪೋನಿನ್ ನೊರೆ ಕೊಡುತ್ತದೆ. ಆದರೆ ಪುಡಿಯನ್ನು ತಲೆಯಿಂದ ಪೂರ್ತಿ ಬಿಡಿಸಲು ಕೊಡಗಟ್ಟಲೆ ನೀರು ಬೇಕು, ಕಣ್ಣಿಗೆ ಬಿದ್ದರೆ ಉರಿ ಬೇರೆ. ಎರಡು ಚೊಂಬು ನೀರಿನ ಬಿಡಾರದಲ್ಲಿ ಬಿಲ್ಲೆಯೇ ಗೆಲ್ಲುತ್ತದೆ.

ಹೊಳೆಗಿಳಿದು ತಲೆ ತೊಳೆಯಬೇಡಿ. ಮಣ್ಣಿನಲ್ಲಿ ಕೊಳೆಯುತ್ತದೆ ಎಂದು ಬರೆದ ಬಿಲ್ಲೆಗೂ ಕೊಳೆಯಲು ಮಣ್ಣೇ ಬೇಕು. ಹರಿಯುವ ನೀರಿಗೆ ಬಿದ್ದ ನೊರೆ ಮೀನಿನ ಕಿವಿರಿಗೆ ಕೇಡು. ಪಾತ್ರೆಯಲ್ಲಿ ನೀರು ತುಂಬಿಕೊಂಡು ಹೊಳೆಯಿಂದ ಕನಿಷ್ಠ 60 ಮೀಟರ್ ದೂರ ಹೋಗಿ, ಅಲ್ಲಿ ಮಣ್ಣಿನ ಮೇಲೆ ಚೆಲ್ಲಿ. ಮತ್ತೆ, ಹೊಸ ಬಿಲ್ಲೆಯನ್ನು ನೇರವಾಗಿ ಬೆಟ್ಟಕ್ಕೆ ಒಯ್ಯದೆ ಮೊದಲು ಮನೆಯ ಬಚ್ಚಲಲ್ಲಿ ಎರಡು ವಾರ ಬಳಸಿ ನೋಡಿ; ನಿಮ್ಮ ಕೂದಲಿಗೆ ಒಗ್ಗದಿದ್ದರೆ ಅಲ್ಲೇ ಗೊತ್ತಾಗುತ್ತದೆ.