ಖಾನಾಪುರದ ರೈಲಿನಿಂದ ಪರಪ್ಪನ ಅಗ್ರಹಾರಕ್ಕೆ: ಛಾಪಾ ಕಾಗದದ ತೆಲಗಿ

ಹಿಮಾಯತ್‌ನಗರ: ಮನೆ ಬಾಡಿಗೆ ಕರಾರಿಗೋ, ಬ್ಯಾಂಕ್ ಸಾಲಕ್ಕೋ ಛಾಪಾ ಕಾಗದ ಕೊಂಡಿದ್ದವರಿಗೆಲ್ಲ 2003ರಲ್ಲಿ ಒಂದೇ ಚಿಂತೆ. ಪೆಟ್ಟಿಗೆಯಲ್ಲಿಟ್ಟ ಕಾಗದ ಅಸಲಿಯೋ, ನಕಲಿಯೋ? ಹಿಮಾಯತ್‌ನಗರದ ಅಂದಿನ ಶಾಸಕ, ಮಾಜಿ ಸಚಿವ ಸಿ. ಕೃಷ್ಣ ಯಾದವ್ ಅವರನ್ನು ಮಹಾರಾಷ್ಟ್ರದ ವಿಶೇಷ ತನಿಖಾ ತಂಡ ಬಂಧಿಸಿದ್ದು ಅದೇ ವರ್ಷ. ಬಂಧನ ಎಂದರೆ ಆರೋಪ, ತೀರ್ಪಲ್ಲ. ಆದರೂ ಮುಂಬೈ, ಬೆಂಗಳೂರಿನ ಸುದ್ದಿಯೆಂದು ಓದುತ್ತಿದ್ದದ್ದು ಆ ದಿನ ಇಲ್ಲಿಯ ಮನೆಬಾಗಿಲಿಗೇ ಬಂದು ನಿಂತಿತು. ಈಗ ಹಿಮಾಯತ್‌ನಗರ ಹೆಸರಿನ ವಿಧಾನಸಭಾ ಕ್ಷೇತ್ರವೇ ಇಲ್ಲ. ಕ್ಷೇತ್ರ ಮರುವಿಂಗಡಣೆಯಲ್ಲಿ ಹೋಯಿತು.

ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಮುಜುಗರವೂ ಇತ್ತು. ಜಾಲದ ಒಡೆಯ ಅಬ್ದುಲ್ ಕರೀಂ ತೆಲಗಿ ಬೆಳಗಾವಿ ಜಿಲ್ಲೆಯ ಖಾನಾಪುರದವನು. ತಂದೆ ರೈಲ್ವೆ ನೌಕರ, ಬೇಗ ತೀರಿಕೊಂಡರು. ಹುಡುಗ ರೈಲಿನಲ್ಲಿ ಹಣ್ಣು ಮಾರಿ ಓದಿದ, ಬಿಕಾಂ ಮುಗಿಸಿದ. ಅಲ್ಲಿಯವರೆಗೆ ಮೆಚ್ಚತಕ್ಕ ಕಥೆಯೇ. ಸೌದಿಗೆ ಹೋಗಿ ಬಂದವನು ಮುಂಬೈಯಲ್ಲಿ ಕೊಲ್ಲಿ ದೇಶಗಳಿಗೆ ಕೂಲಿಕಾರರನ್ನು ಕಳಿಸುವ ಕಚೇರಿ ತೆರೆದ. ಸುಳ್ಳು ಕಾಗದಪತ್ರದ ಕೆಲಸ ಶುರುವಾದದ್ದು ಅಲ್ಲಿ. 1994ರಲ್ಲಿ ಛಾಪಾ ಕಾಗದ ಮಾರುವ ಸರ್ಕಾರಿ ಪರವಾನಗಿಯೂ ಕೈಗೆ ಬಂತು.

ಆತನ ಉಪಾಯ ಎಲ್ಲಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಸಲಿ ಛಾಪಾ ಕಾಗದ ನಾಸಿಕ್‌ನ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾಗಿ, ಖಜಾನೆಗೆ ಬಂದು, ಅಲ್ಲಿಂದ ಮಾರಾಟಗಾರರಿಗೆ ಹೋಗುತ್ತಿತ್ತು. ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ. ತೆಲಗಿ ಅದೇ ಮುದ್ರಣಾಲಯದ ಹಳೆಯ ಯಂತ್ರಗಳನ್ನು ಗುಜರಿ ನೆಪದಲ್ಲಿ ಹೊರಗೆ ತಂದು ತಾನೇ ಅಚ್ಚು ಹಾಕಿಸಿದ. ಬೀದಿಯ ಬಿಡಿ ಗಿರಾಕಿಯನ್ನು ನೆಚ್ಚಿ ಕೂರಲಿಲ್ಲ. ಕಲಿತ ಹುಡುಗರನ್ನು ಏಜೆಂಟರಾಗಿ ಇಟ್ಟುಕೊಂಡು ಬ್ಯಾಂಕು, ವಿಮಾ ಕಂಪನಿ, ಷೇರು ದಲ್ಲಾಳಿಗಳ ಕಚೇರಿಗೆ ಸಗಟಾಗಿ ಮುಟ್ಟಿಸಿದ. ಬ್ಯಾಂಕಿನಲ್ಲಿ ಸಾಲದ ಕರಾರಿಗೆ ಸಹಿ ಬಿದ್ದ ಮೇಲೆ ಕಾಗದ ಬೀರು ಸೇರುತ್ತದೆ. ಸಾಲ ನೆಟ್ಟಗೆ ತೀರಿದರೆ ಅದನ್ನು ಯಾರೂ ಬೆಳಕಿಗೆ ಹಿಡಿದು ನೋಡುವುದಿಲ್ಲ. ಸಾಲಗಾರ ಕೈಯೆತ್ತಿ ವಿಷಯ ಕೋರ್ಟಿಗೆ ಹೋದಾಗ ಮಾತ್ರ ಕಾಗದದ ಪ್ರಶ್ನೆ. ಸರಿಯಾದ ಮುದ್ರಾಂಕ ಶುಲ್ಕ ಇಲ್ಲದ ದಸ್ತಾವೇಜನ್ನು, ಕೊರತೆ ಹಣ ಮತ್ತು ದಂಡ ಕಟ್ಟುವವರೆಗೆ, ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ತಪ್ಪು ತೆಲಗಿಯದು, ದಂಡದ ಭಯ ಮಾತ್ರ ಕಾಗದ ಕೊಂಡವನಿಗೆ!

2000ದಲ್ಲಿ ಬೆಂಗಳೂರು ಪೊಲೀಸರ ಕೈಗೆ ನಕಲಿ ಕಾಗದ ಮಾರುವವರು ಸಿಕ್ಕಿಬಿದ್ದಾಗ ದಾರದ ತುದಿ ಸಿಕ್ಕಿತು. 2001ರ ನವೆಂಬರ್‌ನಲ್ಲಿ ಅಜ್ಮೀರದಲ್ಲಿ ತೆಲಗಿಯೇ ಸೆರೆಯಾದ. ಅಲ್ಲಿಗೆ ಮುಗಿಯಿತೆಂದು ಕೊಂಡವರು ನಿಟ್ಟುಸಿರು ಬಿಟ್ಟಿರಬಹುದು. ಮುಗಿದಿರಲಿಲ್ಲ. ಜೈಲಿನಿಂದಲೇ ಮೊಬೈಲ್ ಮೂಲಕ ವ್ಯವಹಾರ ಸಾಗುತ್ತಿದೆ ಎಂಬುದನ್ನು ಕರ್ನಾಟಕದ ವಿಶೇಷ ತನಿಖಾ ದಳ ‘ಸ್ಟಾಂಪಿಟ್’ ಪತ್ತೆ ಹಚ್ಚಿತು. ಮಹಾರಾಷ್ಟ್ರದಲ್ಲಿ ಅಣ್ಣಾ ಹಜಾರೆ ಹೈಕೋರ್ಟಿನ ಬಾಗಿಲು ತಟ್ಟಿದರು. ಪೊಲೀಸ್ ಅಧಿಕಾರಿಗಳ ಮೇಲೂ ಆರೋಪ ಬಂತು. 2004ರಲ್ಲಿ ತನಿಖೆ ಸಿಬಿಐ ಪಾಲಾಯಿತು. ವಂಚನೆಯ ಮೊತ್ತ 30 ಸಾವಿರ ಕೋಟಿ ಎಂದು ಪತ್ರಿಕೆಗಳು ಬರೆದವು. ಆ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ.

ಕೊನೆಗೆ 2007ರ ಜೂನ್‌ನಲ್ಲಿ, ಸಂಘಟಿತ ಅಪರಾಧ ತಡೆ ಕಾಯ್ದೆಯಡಿ, ಪುಣೆಯ ವಿಶೇಷ ನ್ಯಾಯಾಲಯ 13 ವರ್ಷ ಕಠಿಣ ಶಿಕ್ಷೆ, 202 ಕೋಟಿ ರೂಪಾಯಿ ದಂಡ ವಿಧಿಸಿತು. ಆತ ತಪ್ಪೊಪ್ಪಿಕೊಂಡಿದ್ದ. ಬೇರೆ ಪ್ರಕರಣಗಳಲ್ಲೂ ಶಿಕ್ಷೆಯಾಗಿ, ಬಾಳಿನ ಕೊನೆಯ 16 ವರ್ಷ ಕಂಬಿಯ ಹಿಂದೆಯೇ ಕಳೆಯಿತು. ಅಲ್ಲೂ ಹೆಸರಿನ ಬಲ ಪೂರ್ತಿ ಇಳಿದಿರಲಿಲ್ಲವೆಂದು ತೋರುತ್ತದೆ. 2017ರ ಜುಲೈನಲ್ಲಿ ಬಂದೀಖಾನೆ ಡಿಐಜಿ ಡಿ. ರೂಪಾ ಅವರು ಸಲ್ಲಿಸಿದ ವರದಿಯಲ್ಲಿ, ಪರಪ್ಪನ ಅಗ್ರಹಾರ ಜೈಲಿನಲ್ಲಿ ತೆಲಗಿಯ ಸೇವೆಗೆ ವಿಚಾರಣಾಧೀನ ಕೈದಿಗಳಿದ್ದಾರೆ, ಕೈಕಾಲು ಒತ್ತುತ್ತಾರೆ ಎಂದಿತ್ತು. ಮೂರೇ ತಿಂಗಳಲ್ಲಿ, ಅಕ್ಟೋಬರ್ 26ರಂದು, ಹಲವು ಕಾಯಿಲೆಗಳಿಂದ ಬಳಲುತ್ತಿದ್ದ ಆತ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ತೀರಿಕೊಂಡ. ಮಣ್ಣಾದದ್ದು ಖಾನಾಪುರದಲ್ಲಿ. 2018ರ ಡಿಸೆಂಬರ್‌ನಲ್ಲಿ ನಾಸಿಕ್ ನ್ಯಾಯಾಲಯ, ಅಲ್ಲಿಯ ಒಂದು ಪ್ರಕರಣದಲ್ಲಿ ಸಾಕ್ಷ್ಯ ಸಾಲದೆಂದು ಎಲ್ಲ ಆರೋಪಿಗಳನ್ನೂ ಖುಲಾಸೆ ಮಾಡಿತು. ಅದರಲ್ಲಿ ತೆಲಗಿಯ ಹೆಸರೂ ಇತ್ತು, ಕೇಳಲು ಆತ ಇರಲಿಲ್ಲ.

ಊರಲ್ಲಿ ಮನೆ, ನಿವೇಶನ ಇಟ್ಟುಕೊಂಡು ಇಲ್ಲಿ ನೆಲೆಸಿರುವ ಸಂಘದ ಸದಸ್ಯರು ಅನೇಕರು. ಕರ್ನಾಟಕದಲ್ಲಿ ಈಗ ಇ-ಸ್ಟಾಂಪ್ ಬಂದಿದೆ. ಅದರ ಸಂಖ್ಯೆ ಹಾಕಿದರೆ ಅಸಲಿಯೋ ಅಲ್ಲವೋ ಕಂಪ್ಯೂಟರಿನಲ್ಲೇ ತಿಳಿಯುತ್ತದೆ. 1994ರಿಂದ 2003ರ ನಡುವಿನ ಹಳೆಯ ಕರಾರುಪತ್ರ ಪೆಟ್ಟಿಗೆಯಲ್ಲಿದ್ದು, ಅದರ ಮೇಲೆ ಇನ್ನೂ ಏನಾದರೂ ಹಕ್ಕು ನಿಂತಿದ್ದರೆ, ಊರಿಗೆ ಹೋದಾಗ ಒಮ್ಮೆ ವಕೀಲರಿಗೆ ತೋರಿಸಿ ಬರುವುದು ಲೇಸು.