‘ಮೈಸೂರು ಮಲ್ಲಿಗೆ’ಯೂ ನಮ್ಮ ವಿಮರ್ಶಕರೂ

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಮದುವೆಯ ಆರತಕ್ಷತೆಗೆ ಹೋದವರು ಒಂದು ಹಾಡನ್ನು ಕೇಳದೆ ಹಿಂದಿರುಗುವುದು ಅಪರೂಪ. ಅಳಿಯನು ಬೆಳುದಿಂಗಳ ರಾತ್ರಿಯಲ್ಲಿ ಮಾವನ ಮನೆಗೆ ಬಂದಿಳಿದ ಸಂಗತಿಯನ್ನು ಹೇಳುವ ಹಾಡು ಅದು. ವಾದ್ಯಗೋಷ್ಠಿಯವರು ಅದನ್ನು ಎತ್ತಿಕೊಂಡೊಡನೆ ಊಟದ ಪಂಕ್ತಿಯಲ್ಲಿ ಕುಳಿತ ಹಿರಿಯರೂ ತಲೆದೂಗುವರು. ಕವಿ ಕೆ. ಎಸ್. ನರಸಿಂಹಸ್ವಾಮಿಯವರ ಹೆಸರನ್ನು ಕೇಳದವರು ಸಹ ಆ ಪಲ್ಲವಿಯನ್ನು ಬಲ್ಲರು. ಇಷ್ಟು ಮಂದಿಯ ಬಾಯಲ್ಲಿ ನೆಲೆಸಿದ ಕೃತಿಯೊಂದು ದಶಕಗಳ ಕಾಲ ವಿಮರ್ಶೆಯ ಕಟಕಟೆಯಲ್ಲಿ ನಿಂತಿದ್ದಿತೆಂಬುದನ್ನೂ, ಆ ವ್ಯಾಜ್ಯವು ಇಂದಿಗೂ ಪೂರ್ತಿಯಾಗಿ ಇತ್ಯರ್ಥವಾಗಿಲ್ಲವೆಂಬುದನ್ನೂ ತಿಳಿದರೆ ನಮ್ಮ ವಾಚಕರಲ್ಲಿ ಅನೇಕರಿಗೆ ಆಶ್ಚರ್ಯವಾದೀತು.

ಪುಸ್ತಕವು ಅಚ್ಚಾದದ್ದು 1942ರಲ್ಲಿ. ಆ ಇಸವಿಯ ಅರ್ಥವನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಆಗಸ್ಟ್ ತಿಂಗಳಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂಬ ಕೂಗು ಎದ್ದಿತು. ದಾವಣಗೆರೆಯಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದರು. ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನದೇ ಸರ್ಕಾರವನ್ನು ಸಾರಿಕೊಂಡು, 1943ರ ಮಾರ್ಚ್ ತಿಂಗಳಲ್ಲಿ ತನ್ನ ಐವರು ಮಕ್ಕಳನ್ನು ನೇಣುಗಂಬಕ್ಕೆ ಒಪ್ಪಿಸಿತು. ಅಂಥ ವರ್ಷದಲ್ಲಿ ಕಿಕ್ಕೇರಿಯಲ್ಲಿ ಹುಟ್ಟಿದ ಇಪ್ಪತ್ತೇಳು ವರ್ಷದ ಸರ್ಕಾರೀ ಗುಮಾಸ್ತರೊಬ್ಬರು ಹೆಂಡತಿಯ ಮುಡಿಯ ಹೂವನ್ನೂ, ತೌರಿನ ಹಂಬಲವನ್ನೂ, ಬಾಗಿಲ ಮರೆಯ ನಗೆಯನ್ನೂ ಕುರಿತು ಹಾಡು ಕಟ್ಟಿ ಹೊರತಂದರು. ಮನೆಯ ಮಗನು ಸೆರೆಯಲ್ಲಿರುವಾಗ ಮಲ್ಲಿಗೆಯ ದಂಡೆಯನ್ನು ಮಾರಲು ಬಂದವನಂತೆ ಈ ಕವಿಯು ಯಾರ ಕಣ್ಣಿಗಾದರೂ ಕಂಡಿದ್ದರೆ ಅದು ಸೋಜಿಗವಲ್ಲ. ರಾಷ್ಟ್ರೀಯ ಪತ್ರಿಕೆಯಾದ ನಾವಂತೂ ಈ ಆಕ್ಷೇಪವನ್ನು ನಕ್ಕು ತಳ್ಳಿಬಿಡಲಾರೆವು.

ಆದರೂ ಆಕ್ಷೇಪವನ್ನು ಪುಸ್ತಕದ ಮೇಲಿಟ್ಟು ನೋಡಬೇಕು. ಶೃಂಗಾರವೆಂದರೆ ನಮ್ಮ ಹಳೆಯ ಚಂಪೂಕವಿಗಳಿಗೆ ನಗರವರ್ಣನೆ, ವನವಿಹಾರ, ಜಲಕ್ರೀಡೆಗಳ ಸಾಲು. ಅಲ್ಲಿನ ನಾಯಕಿಗೆ ಅಂಗಾಂಗಗಳಿದ್ದವು, ಅಡುಗೆಮನೆ ಇರಲಿಲ್ಲ. ನರಸಿಂಹಸ್ವಾಮಿಯವರ ನಾಯಕಿಯು ಶಾನುಭೋಗರ ಮಗಳು. ಆಕೆಗೆ ನಾದಿನಿ, ಅತ್ತಿಗೆಯರುಂಟು, ನವಿಲೂರೆಂಬ ತೌರೂರುಂಟು, ಅಲ್ಲಿಂದ ಸುದ್ದಿ ಹೊತ್ತು ಬರುವ ಬಳೆಗಾರ ಚೆನ್ನಯ್ಯನುಂಟು. ಬಯಕೆಯನ್ನು ಉಪವನದಿಂದ ಎತ್ತಿ ತಂದು ಹಜಾರದಲ್ಲಿ ಕೂರಿಸಿದ ಈ ಕೆಲಸವು ಕನ್ನಡಕ್ಕೆ ಸಣ್ಣದೇನಲ್ಲ.

ಮೇಲೆ ಹೇಳಿದ ಅಳಿಯನ ಹಾಡನ್ನೇ ತೆಗೆದುಕೊಳ್ಳೋಣ. ಮಾವನ ಮನೆಯಲ್ಲಿ ಉಪಚಾರಕ್ಕೆ ಕೊರತೆಯಿಲ್ಲ. ಕಾಲಿಗೆ ಬಿಸಿನೀರು ಬರುವುದು, ಊಟ ಬರುವುದು, ಮಂಚವೂ ಸಿದ್ಧವಾಗುವುದು. ಬಾರದವಳು ಹೆಂಡತಿಯೊಬ್ಬಳೆ. ಆಕೆ ಒಳಗಿಲ್ಲವೆಂದು ನಾದಿನಿಯು ನಗುತ್ತ ತಿಳಿಸುವಳು. ಹಳೆಯ ಕಾಲದ ಮನೆಗಳಲ್ಲಿ ಈ ಮಾತಿನ ಅರ್ಥವು ಎಲ್ಲರಿಗೂ ಗೊತ್ತು. ಹೆಂಗಸು ತಿಂಗಳ ಮೂರು ದಿನ ಹೊರಗೆ ಕೂರುವ ಪದ್ಧತಿ ಅದು. ಅಳಿಯನು ರಾತ್ರಿಯೆಲ್ಲ ಒಬ್ಬನೇ ಕಳೆದು, ಬೆಳಗಾದೊಡನೆ ಮುನಿಸಿನಿಂದ ಹೊರಟು ನಿಲ್ಲುವ ಹೊತ್ತಿಗೆ ಬಚ್ಚಲಲ್ಲಿ ನೀರು ಕಾದಿರುವ ಸುದ್ದಿ ಬರುತ್ತದೆ. ಯಾರ ಸ್ನಾನಕ್ಕೆ ಎಂದು ತಿಳಿದಮೇಲೆ ಮುನಿಸು ಉಳಿಯಲು ಕಾರಣವಿಲ್ಲ. ಗಂಡನ ಕಾತರ, ಮನೆಯವರ ಸಂಕೋಚ, ನಾದಿನಿಯ ಚೇಷ್ಟೆ, ಆಚಾರದ ಕಟ್ಟು, ಎಲ್ಲವೂ ಕೆಲವೇ ಪದ್ಯಗಳಲ್ಲಿ ಅಡಗಿವೆ. ಮೈಯ ಹೆಸರನ್ನು ಎಲ್ಲಿಯೂ ಎತ್ತದೆ ಮೈಯ ಸಂಗತಿಯೆಲ್ಲವನ್ನೂ ಹೇಳಿಯಾಯಿತು. ಇದನ್ನು ಹಗುರವಾದ ಕಾವ್ಯವೆಂದು ತೂಗಿದ ವಿಮರ್ಶಕರ ತಕ್ಕಡಿಯನ್ನೇ ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಮೊದಲಲ್ಲಿ ಸ್ವಾಗತವೇನೂ ಕೆಟ್ಟದಾಗಿರಲಿಲ್ಲ. ಪುಸ್ತಕಕ್ಕೆ ದೇವರಾಜ ಬಹದ್ದೂರ್ ಬಹುಮಾನ ದೊರಕಿತು. ಮುದ್ರಣದ ಮೇಲೆ ಮುದ್ರಣವಾಯಿತು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸನ ಪ್ರಭಾವವನ್ನು ಕೆಲವರು ಗುರುತಿಸಿದರು. ಕವಿಗಳು ಬರ್ನ್ಸನ ಪ್ರೇಮಗೀತೆಗಳನ್ನು ಕನ್ನಡಿಸಿದವರಾದ್ದರಿಂದ ಅದನ್ನು ಅಲ್ಲಗಳೆಯುವ ಪ್ರಮೇಯವಿಲ್ಲ. ಬರ್ನ್ಸನಲ್ಲಿ ಪ್ರಣಯವು ಹೊಲದ ಬದುವಿನ ಮೇಲಿನದು; ಇಲ್ಲಿ ಅದು ಮದುವೆಯಾದ ಮೇಲಿನದು. ಈ ವ್ಯತ್ಯಾಸವನ್ನು ಹಿಡಿದೇ ‘ದಾಂಪತ್ಯದ ಕವಿ’ ಎಂಬ ಬಿರುದು ಬಂದಿತು. ಬಿರುದು ಗೌರವವೂ ಹೌದು, ಬೇಲಿಯೂ ಹೌದು.

ಹರಿಹರದ ಸೇತುವೆಯ ಮೇಲೆ ನಿಂತು ನೋಡಿದರೆ ಈ ಬೇಲಿಯ ಸ್ವರೂಪ ಇನ್ನಷ್ಟು ಸ್ಪಷ್ಟವಾದೀತು. 1956ರ ಏಕೀಕರಣದವರೆಗೂ ತುಂಗಭದ್ರೆಯ ಈಚೆ ದಡವು ಮೈಸೂರು, ಆಚೆಯ ಕುಮಾರಪಟ್ಟಣವು ಧಾರವಾಡ ಸೀಮೆ. ಆ ದಡದ ಬೇಂದ್ರೆಯವರು 1937ರಲ್ಲಿಯೇ ‘ಸಖೀಗೀತ’ದಲ್ಲಿ ತಮ್ಮ ಸಂಸಾರದ ಸುಖದುಃಖವನ್ನು ಹಾಡಿಕೊಂಡಿದ್ದರು. ಬೇಂದ್ರೆಯವರ ಒಲವಿನಲ್ಲಿ ವಿಮರ್ಶಕರು ದರ್ಶನವನ್ನು ಕಂಡರು, ಅನುಭಾವವನ್ನು ಕಂಡರು. ನರಸಿಂಹಸ್ವಾಮಿಯವರ ಒಲವಿನಲ್ಲಿ ಒಲವನ್ನು ಮಾತ್ರ ಕಂಡರು. ಆಕಾಶದ ಕಡೆಗೆ ಬೆರಳು ತೋರಿಸದ ಪ್ರೇಮಕ್ಕೆ ನಮ್ಮಲ್ಲಿ ಯೋಗ್ಯತಾಪತ್ರ ಸಿಕ್ಕುವುದು ಕಷ್ಟ. ಹರಿಹರೇಶ್ವರನ ಸನ್ನಿಧಿಯಲ್ಲಿ ಎರಡು ದೈವಗಳು 13ನೆಯ ಶತಮಾನದಿಂದಲೂ ಒಂದೇ ಮೈಯಲ್ಲಿ ಜಗಳವಿಲ್ಲದೆ ನಿಂತಿವೆ. ಇಹವೂ ಪರವೂ ಒಂದೇ ಹಾಡಿನಲ್ಲಿ ನಿಲ್ಲಬೇಕೆಂದು ಪ್ರತಿಯೊಬ್ಬ ಕವಿಗೂ ಕಟ್ಟಳೆ ಹಾಕುವುದು ಮಾತ್ರ ಅನ್ಯಾಯ.

ಅನಂತರ ನವ್ಯದ ಗಾಳಿ ಬೀಸಿತು. ಗೋಪಾಲಕೃಷ್ಣ ಅಡಿಗರ ‘ಪುಷ್ಪಕವಿಯ ಪರಾಕು’ ಎಂಬ ವಿಡಂಬನೆಯನ್ನು ಓದಿದ ಅನೇಕರಿಗೆ ಅದರ ಗುರಿ ಮಲ್ಲಿಗೆಯ ಕವಿಯೇ ಎಂದು ತೋರಿತು. ಬಿರುಕುಬಿಟ್ಟ ಕಾಲಕ್ಕೆ ಬಿರುಕುಬಿಟ್ಟ ಮಾತೇ ಬೇಕೆಂದು ವಾದಿಸುತ್ತಿದ್ದ ಪೀಳಿಗೆಗೆ ಹೂವು, ಬಳೆ, ಬೆಳುದಿಂಗಳುಗಳು ಹಳಸಿದ ಸರಕಾದವು. ನರಸಿಂಹಸ್ವಾಮಿಯವರು ಜಗಳಕ್ಕೆ ನಿಲ್ಲಲಿಲ್ಲ. 1958ರಲ್ಲಿ ‘ಶಿಲಾಲತೆ’ಯನ್ನು ಹೊರತಂದರು, ಅಲ್ಲಿ ಲತೆಯು ಕಲ್ಲಾಗಿರುವುದನ್ನು ಹೆಸರೇ ಹೇಳುತ್ತದೆ. ವಿಮರ್ಶಕರು ಕವಿಯು ಬೆಳೆದನೆಂದು ಸಮಾಧಾನಪಟ್ಟರು. ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆಯು 1977ರಲ್ಲಿ ಬಂದಾಗ ಅದು ಸಂದದ್ದು ‘ತೆರೆದ ಬಾಗಿಲು’ ಸಂಗ್ರಹಕ್ಕೆ. ಜನರು ಒಂದು ಪುಸ್ತಕವನ್ನು ಎದೆಗೊತ್ತಿಕೊಂಡಿದ್ದರು. ಪಂಡಿತರು ಇನ್ನೊಂದಕ್ಕೆ ಹಾರ ಹಾಕಿದರು. ಎರಡೂ ಒಬ್ಬ ಕವಿಯವೇ ಆದ್ದರಿಂದ ಯಾರಿಗೂ ಮುಖಭಂಗವಾಗಲಿಲ್ಲ.

ಈ ಬಗೆಯ ವ್ಯಾಜ್ಯವು ಕನ್ನಡದ್ದೊಂದೇ ಅಲ್ಲ. ಅಮೆರಿಕದಲ್ಲಿ ಆಫ್ರಿಕನ್ ಮೂಲದ ಜನರು ತಮ್ಮ ದೇವಾಲಯಗಳ ಕೀರ್ತನೆಯಿಂದಲೂ ನೋವಿನ ಹಾಡುಗಳಿಂದಲೂ ‘ಸೋಲ್’ ಎಂಬ ಗಾನಪದ್ಧತಿಯನ್ನು ಬೆಳೆಸಿದರು. ಅದರ ಪ್ರಸಿದ್ಧ ಗಾಯಕರಾದ ಮಾರ್ವಿನ್ ಗೇ ಎಂಬವರು ಧರ್ಮಬೋಧಕರೊಬ್ಬರ ಮಗ. 1971ರಲ್ಲಿ ಅವರು ‘ವಾಟ್ಸ್ ಗೋಯಿಂಗ್ ಆನ್’ ಎಂಬ ಆಲ್ಬಮ್ಮಿನಲ್ಲಿ ವಿಯೆಟ್ನಾಂ ಯುದ್ಧವನ್ನೂ ನಗರಗಳ ಬಡತನವನ್ನೂ ಕುರಿತು ಹಾಡಿ ಗಂಭೀರ ಕಲಾವಿದರೆನಿಸಿಕೊಂಡರು. ಎರಡೇ ವರ್ಷಗಳಲ್ಲಿ, 1973ರಲ್ಲಿ, ‘ಲೆಟ್ಸ್ ಗೆಟ್ ಇಟ್ ಆನ್’ ಬಂದಿತು. ಅದರಲ್ಲಿ ಆದ್ಯಂತವೂ ದೇಹದ ಬಯಕೆಯ ಮಾತು. ಮುಖ್ಯಗೀತೆಯು ಅಲ್ಲಿನ ಜನಪ್ರಿಯತೆಯ ಪಟ್ಟಿಯ ತುದಿಗೇರಿತು. ದೇಶದ ಸಂಕಟವನ್ನು ಹಾಡಿದ ಕಂಠವು ಶಯ್ಯಾಗೃಹಕ್ಕೆ ಹೋಯಿತಲ್ಲಾ ಎಂದು ಹಿಂದಿನದರೊಡನೆ ಹೋಲಿಸಿ ಇದನ್ನು ಕಿರಿದೆಂದು ಬಗೆದವರಿದ್ದರು. ಮುಂದೆ 2003ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯು ಸಾರ್ವಕಾಲಿಕವಾದ ಐನೂರು ಆಲ್ಬಮ್ಮುಗಳನ್ನು ಎಣಿಸಿದಾಗ ಎರಡಕ್ಕೂ ಅದರಲ್ಲಿ ಸ್ಥಾನ ದೊರಕಿತು. ಗೇ ಅವರ ಹಾಡು ಬಿಚ್ಚುಮಾತಿನದು. ನಮ್ಮ ಕವಿಯದು ಸೆರಗಿನ ಮರೆಯದು. ಹಾಡುಗಳಲ್ಲಿ ಸಾಮ್ಯ ಕಡಿಮೆ, ತೀರ್ಪುಗಾರರಲ್ಲಿ ಹೆಚ್ಚು.

ನಮ್ಮಲ್ಲಿ ತೀರ್ಪನ್ನು ಬದಲಿಸಿದವರು ಗಾಯಕರು. ಪಿ. ಕಾಳಿಂಗರಾಯರು ಕನ್ನಡ ಕವಿತೆಯನ್ನು ವೇದಿಕೆಯ ಮೇಲೆ ಹಾಡಿ ಹಾದಿ ಹಾಕಿಕೊಟ್ಟಿದ್ದರು. ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ವು ಕ್ಯಾಸೆಟ್ಟಾಗಿ ಬಂದಮೇಲೆ ಭಾವಗೀತೆಗೆ ಅಂಗಡಿಯ ಬಾಗಿಲು ತೆರೆಯಿತು. ಸಿ. ಅಶ್ವತ್ಥರು ಮಲ್ಲಿಗೆಯ ಕವಿತೆಗಳಿಗೆ ಸ್ವರ ಹಾಕಿ ಊರೂರಿಗೆ ಮುಟ್ಟಿಸಿದರು. 1992ರಲ್ಲಿ ಟಿ. ಎಸ್. ನಾಗಾಭರಣರ ಚಲನಚಿತ್ರವು ಅದೇ ಹೆಸರಿನಲ್ಲಿ ಬಂದಿತು, ಸಂಗೀತವು ಅಶ್ವತ್ಥರದೇ. ಆ ಚಿತ್ರದ ಗೀತೆಗಳಿಗಾಗಿ ನರಸಿಂಹಸ್ವಾಮಿಯವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಐವತ್ತು ವರ್ಷಗಳ ಹಿಂದೆ ಬರೆದ ಪದ್ಯಗಳಿಗೆ ಎಪ್ಪತ್ತಾರು ದಾಟಿದ ಕವಿಯು ಶ್ರೇಷ್ಠ ಗೀತರಚನಕಾರನೆನಿಸಿದ್ದು ವಿನೋದವೂ ಹೌದು, ತಡವಾದ ನ್ಯಾಯವೂ ಹೌದು.

ಹಾಡಿಕೆಯಿಂದ ನಷ್ಟವಾಗಲಿಲ್ಲವೆಂದು ನಾವು ಹೇಳೆವು. ಆಲಾಪದ ಬೆಡಗಿನಲ್ಲಿ ಮಾತಿನ ಕೊಂಕು ಕರಗುತ್ತದೆ. ತಾಳದ ಉತ್ಸಾಹದಲ್ಲಿ ಅಳಿಯನ ಒಂಟಿರಾತ್ರಿಯ ಬೇಸರವು ಮದುವೆಮನೆಯ ಕೇಕೆಯಾಗುತ್ತದೆ. ಹೊರಗೆ ಕೂರುವ ಪದ್ಧತಿಯನ್ನು ಕಾಣದೆ ಬೆಳೆದ ತರುಣರು ಹೆಂಡತಿಯು ಪೇಟೆಗೆ ಹೋಗಿದ್ದಳೆಂದು ಊಹಿಸಿಕೊಂಡರೆ ತಪ್ಪು ಅವರದಲ್ಲ. ಹಾಡು ಕವಿತೆಯನ್ನು ಉಳಿಸಿತು. ಓದುವ ಅಭ್ಯಾಸವನ್ನು ಮಾತ್ರ ಮರೆಸಿತು. ಡಾ. ನರಹಳ್ಳಿ ಬಾಲಸುಬ್ರಹ್ಮಣ್ಯ ಅವರು ಈ ಕವಿಯನ್ನು ಕುರಿತ ತಮ್ಮ ಅಧ್ಯಯನಕ್ಕೆ ‘ಇಹದ ಪರಿಮಳದ ಹಾದಿ’ ಎಂದು ಹೆಸರಿಟ್ಟದ್ದು ನಮಗೆ ಬಹಳ ಹಿಡಿಸಿತು. ಪರಿಮಳಕ್ಕೆ ಇಹವೇ ಸಾಲದೇಕೆ ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಮುಂಚೆಯೇ ಕೇಳಬಹುದಾಗಿತ್ತು.

1942ರ ಆಕ್ಷೇಪಕ್ಕೆ ಉತ್ತರವನ್ನು ಹುಡುಕುವವರು ಬಹಳ ದೂರ ಹೋಗಬೇಕಾಗಿಲ್ಲ. ಐವರನ್ನು ಗಲ್ಲಿಗೆ ಕೊಟ್ಟ ಆ ಈಸೂರಿನಲ್ಲಿಯೇ 1926ರಲ್ಲಿ ಜಿ. ಎಸ್. ಶಿವರುದ್ರಪ್ಪನವರು ಹುಟ್ಟಿದರು. 1949ರಲ್ಲಿ ಅವರು ಅಧ್ಯಾಪಕವೃತ್ತಿಗೆ ಕಾಲಿಟ್ಟದ್ದು ದಾವಣಗೆರೆಯ ಡಿ. ಆರ್. ಎಂ. ಕಾಲೇಜಿನಲ್ಲಿ. ಹುತಾತ್ಮರ ಹಳ್ಳಿಯ ಈ ಮಗನು ಬರೆದ ಮೊದಮೊದಲ ಸಂಗ್ರಹಗಳಲ್ಲೊಂದರ ಹೆಸರು ‘ಚೆಲುವು-ಒಲವು’. ಮುಂದೆ ಅವರೇ ಕನ್ನಡದ ದೊಡ್ಡ ವಿಮರ್ಶಕರಲ್ಲೊಬ್ಬರಾದರು. ಅವರ ಕವಿತೆಗಳನ್ನೂ ಜನ ಹಾಡಿಕೊಂಡರು. ನೇಣಿನ ನೆನಪೂ ಒಲವಿನ ಹಾಡೂ ಒಂದೇ ಎದೆಯಲ್ಲಿ ಇರಬಲ್ಲವೆಂಬುದಕ್ಕೆ ನಮ್ಮ ಸೀಮೆಯವರು ಬೇರೆ ಸಾಕ್ಷಿಯನ್ನು ಕರೆಯುವುದು ಬೇಡ. 1990ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನಕ್ಕೆ ನರಸಿಂಹಸ್ವಾಮಿಯವರು ಅಧ್ಯಕ್ಷರಾದರು. ಅದರ ಮುಂದಿನದು 1992ರಲ್ಲಿ ದಾವಣಗೆರೆಯಲ್ಲಿ ಕೂಡಿದಾಗ ಆ ಪೀಠವನ್ನು ಅಲಂಕರಿಸಿದವರು ಶಿವರುದ್ರಪ್ಪನವರು. 1922ರಲ್ಲಿ ತಾತಯ್ಯನವರ ಅಧ್ಯಕ್ಷತೆಯಲ್ಲಿ ಪರಿಷತ್ತನ್ನು ಬರಮಾಡಿಕೊಂಡಿದ್ದ ಊರಿಗೆ ಎಪ್ಪತ್ತು ವರ್ಷಗಳ ಮೇಲೆ ಬಂದ ಆ ಸಮ್ಮೇಳನವು ಇಬ್ಬರು ಪ್ರೇಮಕವಿಗಳ ನಡುವಣ ಹಸ್ತಾಂತರವೂ ಆಗಿದ್ದಿತು.

ಬಂಡಾಯದ ಪೀಳಿಗೆಯವರು ಎತ್ತಿದ ಆಕ್ಷೇಪವು ಇದಕ್ಕಿಂತ ಕಠಿಣವಾದುದು. ಶಾನುಭೋಗರ ಮನೆಯ ಬೆಚ್ಚಗಿನ ಹಜಾರವು ಎಷ್ಟು ಮಂದಿ ಕನ್ನಡಿಗರದು? ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಹತ್ತಿಯ ಗಿರಣಿಯ ರಾತ್ರಿಪಾಳಿ ಮುಗಿಸಿ ಬರುತ್ತಿದ್ದ ಕೂಲಿಕಾರನಿಗೆ ಕಾಲಿಗೆ ಬಿಸಿನೀರು ಕೊಡುವವರು ಯಾರಿದ್ದರು? ಹಾಗೆಯೇ, ಈ ಕವಿತೆಗಳಲ್ಲಿ ಹೆಂಡತಿಯನ್ನು ಗಂಡನು ಕಂಡಷ್ಟು, ಗಂಡನನ್ನು ಹೆಂಡತಿಯು ಕಂಡಿರುವಳೆ? ಹೊರಗೆ ಕೂತ ಆ ಮೂರು ದಿನಗಳನ್ನು ಆಕೆಯೇ ಹಾಡಿದ್ದರೆ ಅದು ಇಷ್ಟು ನಗುವಿನ ಹಾಡಾಗುತ್ತಿದ್ದಿತೆ? ಈ ಪ್ರಶ್ನೆಗಳಿಗೆ ಪುಸ್ತಕದಲ್ಲಿ ಪೂರ್ತಿ ಉತ್ತರವಿಲ್ಲ. ಹೆಂಡತಿಯ ಬಾಯಿಂದಲೇ ಬಂದ ಪದ್ಯಗಳು ಕೆಲವುಂಟು. ಅವುಗಳಲ್ಲಿ ಆಕೆಯ ಜಾಣತನವೂ ಹಟವೂ ಚೆನ್ನಾಗಿ ಮೂಡಿವೆ. ಅಷ್ಟಕ್ಕೆ ಮೇಲೆ ಹೇಳಿದರೆ ಅದು ವಕೀಲಿಯಾದೀತು.

ನಮ್ಮ ಸೂಚನೆ ಒಂದೇ. ದಾವಣಗೆರೆ ಹರಿಹರಗಳ ಕಾಲೇಜುಗಳಲ್ಲಿ ಕನ್ನಡ ರಾಜ್ಯೋತ್ಸವಕ್ಕೆ ಈ ಗೀತೆಗಳನ್ನು ಹಾಡಿಸುವ ಅಧ್ಯಾಪಕರು, ಹಾಡು ಮುಗಿದ ಮರುದಿನ ತರಗತಿಯಲ್ಲಿ ಪುಸ್ತಕವನ್ನೂ ತೆರೆಯಲಿ. ನಾದಿನಿಯು ಏಕೆ ನಕ್ಕಳೆಂದೂ, ಬಳೆಗಾರ ಚೆನ್ನಯ್ಯನು ನವಿಲೂರಿನಿಂದ ತಂದ ಸುದ್ದಿ ಯಾವುದೆಂದೂ ಹುಡುಗರನ್ನೂ ಹುಡುಗಿಯರನ್ನೂ ಬೇರೆಬೇರೆಯಾಗಿ ಕೇಳಿ, ಬಂದ ಉತ್ತರಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಲಿ.